ಅಕ್ಕನ ವಾಲ್ವ ಆಪರೇಷನ್: ಎದಿ ಪೂರಾ ತೆರಿಯೋದೋ, ಮಗ್ಗಲದಾಗ ಸಣ್ಣ ಗಾಯದೋ?

ಗುಳೇದಗುಡ್ಡದ ತಮ್ಮ:
ಎಲ್ಲಾರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರಿತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಕ್ಕಗ 38 ವರ್ಷ, ಎರಡು ಮಕ್ಕಳು, ಫ್ಯಾಮಿಲಿ ಪ್ಲಾನಿಂಗ್ ಆಗೇತಿ. ಮನ್ಯಾಗ ಖಣದ ಕೈಮಗ್ಗ. ಎರಡು ವರ್ಷದಿಂದ ಕುಣಿಮಗ್ಗದಾಗಿಂದ ಎದ್ದು ನಾಕ ಹೆಜ್ಜಿ ನಡದ್ರ ದಮ್ಮು ಹತ್ತತಿತ್ತು, ನಾವು ನೂಲಿನ ಧೂಳು ಅಂತ ತಿಳಕೊಂಡು ಇನ್ಹೇಲರ್ ಕೊಡಸಿಕೋತ ಬಂದ್ವಿ. ಹೋದ ತಿಂಗಳ ರಾತ್ರಿ ಮಲಗಾಕ ಆಗವಲ್ದು, ಗ್ವಾಡಿಗೆ ಆನಕೊಂಡು ಕುಂತ ನಿದ್ದಿ ಮಾಡಾಕಿ. ಬಾಗಲಕೋಟಿಗೆ ಕರಕೊಂಡು ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಸಿದ್ರ ಮೈಟ್ರಲ್ ವಾಲ್ವ, ಅಂದ್ರ ಹೃದಯದ ಎಡಗಡೆ ಎರಡು ಖೋಲಿ ನಡುವಿನ ಬಾಗಲಾ, 0.9 ಅಷ್ಟ ತೆರಿತೈತಿ ಅಂತ ಬರದಾರ, ಸರಿ ಇದ್ದವರಿಗೆ 4 ರಿಂದ 6 ಚದರ ಸೆಂಟಿಮೀಟರ್ ಇರತೈತೆಂತ. ಮ್ಯಾಲೆ ಲೀಕೂ ಐತಿ, ಅದಕ್ಕ ಒಳಗ ಬಲೂನ್ ಉಬ್ಬಿಸಿ ವಾಲ್ವ ಬಿಚ್ಚಾಕ ಬರಂಗಿಲ್ಲ, ವಾಲ್ವನ ಬದಲಿ ಮಾಡಬೇಕು ಅಂದ್ರು. ಸಣ್ಣಾಕಿದ್ದಾಗ ಗಂಟಲ ನೋವು ಬಂದು ಮೊಣಕಾಲು ಬಾತು ವಾರಗಟ್ಟಲೆ ಜ್ವರ ಇದ್ದದ್ದು ಅವ್ವಗ ಈಗ ನೆನಪಾತು, ಡಾಕ್ಟರ ಅದನ್ನ ಮೊದಲು ಕೇಳಿದ್ರು.

ಈಗ ಸಮಸ್ಯೆ ಏನಂದ್ರ ಒಂದು ದವಾಖಾನಿಯವ್ರು ಎದಿ ನಡುವ ತೆರದು ಮಾಡ್ತೀವಿ, ಬಿಪಿಎಲ್ ಕಾರ್ಡ ಐತೆಲ್ಲ, ಆಯುಷ್ಮಾನ್‌ದಾಗ ಆಗತೈತಿ, ಜಿಲ್ಲಾ ಆಸ್ಪತ್ರಿಂದ ರೆಫರಲ್ ತರ್ರಿ ಅಂದ್ರು. ಇನ್ನೊಂದು ದೊಡ್ಡ ಊರಿನ ದವಾಖಾನ್ಯಾಗ ಕೀಹೋಲ್ ಮಾಡ್ತೀವಿ, ಬಲ ಮಗ್ಗಲದಾಗ ಎರಡೂವರಿ ಇಂಚು ಗಾಯ ಅಷ್ಟ, ಸ್ಕೀಮ್ ನಡಿಯಂಗಿಲ್ಲ, ನಾಕೂವರಿ ಲಕ್ಷ ಅಂದ್ರು. ಭಾವ ಪ್ಲಾಟ್ ಮಾರೂಣು ಅಂತಾನ. ಅಕ್ಕ ಬಾಯಿ ಬಿಚ್ಚವಲ್ಲಳು. ಮಾಡಸಿಕೊಂಡವ್ರು ಯಾರರ ಇದ್ರ ಹೇಳ್ರಿ.

ಬಿಜಾಪುರ್ ಟು ಬೆಂಗ್ಳೂರು:
ಬ್ರೋ ಇದ್ರಲ್ಲಿ ಯೋಚನೆ ಮಾಡೋದೇನಿದೆ, ಕೀಹೋಲ್ ಮಾಡ್ಸಿ. ಎದೆಮೂಳೆ ಗರಗಸದಲ್ಲಿ ಸೀಳೋದು ಚಕ್ಕಡಿ ಗಾಡಿ ಕಾಲದ್ದು. ನಮ್ಮ ಮಾವನಿಗೆ ವರ್ಷದ ಹಿಂದೆ ವಾಲ್ವ್ ಹಾಕ್ಸಿದ್ವಿ, ತೊಡೆ ಸಂದಿಯಿಂದ ಒಂದು ವೈರ್ ಬಿಟ್ಟು ಹಾಕಿದ್ರು, ಹೊಲಿಗೆನೂ ಇಲ್ಲ, ಮೂರನೇ ದಿನ ಮನೆಗೆ ಬಂದು ಇಡ್ಲಿ ತಿಂದ್ರು. 2025 ರಲ್ಲಿ ಇನ್ನೂ ಎದೆ ಸೀಳ್ತೀವಿ ಅನ್ನೋರ ಹತ್ರ ಯಾಕೆ ಹೋಗ್ಬೇಕು? ದುಡ್ಡು ಇವತ್ತು ಹೋಗುತ್ತೆ ನಾಳೆ ಬರುತ್ತೆ.

ಖರೇ ಹೇಳ್ತೀನಿ ಜಮಖಂಡಿ:
ನಾಳೆ ಬರತೈತಿ ನಿಮಗ, ಕಂಪನಿಯವ್ರು ಒಂದನೇ ತಾರೀಕಿಗೆ ಹಾಕ್ತಾರ. ನೇಕಾರ ಮನಿಗೆ ಪ್ಲಾಟ್ ಹೋದ್ರ ಹೋತು. ಇದು ಸಣ್ಣ ಗಾಯ ದೊಡ್ಡ ಬಿಲ್ ಧಂದೆ ಅಷ್ಟರಿ. ನಮ್ಮ ಕಾಕಾಗೂ ಹಿಂಗ ಹೇಳಿ ಒಳಗ ಕರಕೊಂಡು ಹೋದ್ರು, ಅರ್ಧಕ್ಕ ಏನೋ ತೊಂದ್ರಿ ಆತು ಅಂತ ಎದಿನೂ ತೆರದ್ರು, ಹೊರಗ ಬಂದಾಗ ಎರಡೂ ಕಡೆ ಹೊಲಿಗಿ. ಬಿಲ್ ಮಾತ್ರ ಕೀಹೋಲಿಂದ. ಯಾವ ದವಾಖಾನಿ ಅಂತ ಬರಿಯಂಗಿಲ್ಲ, ಕೇಳಬ್ಯಾಡ್ರಿ.

ಓಟಿ ಸಿಸ್ಟರ್ ಬೆಳಗಾವಿ:
ನಾನು 14 ವರ್ಷ ಹಾರ್ಟ್ ಆಪರೇಷನ್ ಥೇಟರ್ (ಓಟಿ), ಐಸಿಯು ಎರಡರಾಗೂ ಕೆಲಸ ಮಾಡೀನಿ, ಈಗ ಓಟಿ ಬಿಟ್ಟೀನಿ, ಹಂಗಾಗಿ ಯಾವ ದವಾಖಾನಿ ಪರವಾಗಿನೂ ಮಾತಾಡಾಕತ್ತಿಲ್ಲ. ಮೊದಲ ಒಂದು ಗೊಂದಲ ಬಿಡಸ್ತೀನಿ, ಯಾಕಂದ್ರ ಇಲ್ಲಿ ಮೂರು ಬ್ಯಾರೆ ಬ್ಯಾರೆ ಆಪರೇಷನ್ ಒಂದ ಬುಟ್ಟ್ಯಾಗ ಹಾಕ್ಯಾರ.

ಬೆಂಗಳೂರಿನವ್ರು ಹೇಳಿದ್ದು ಟಾವಿ. ತೊಡಿ ಸಂದ್ಯಾಗಿನ ರಕ್ತನಾಳದಿಂದ ಮಡಚಿದ ವಾಲ್ವ ಒಯ್ದು ಹೃದಯದಾಗ ಅರಳಸೋದು. ಅದು ಮುಖ್ಯವಾಗಿ ಅಯೋರ್ಟಿಕ್ ವಾಲ್ವಿಗೆ (ಹೃದಯದಿಂದ ಮೈಗೆ ರಕ್ತ ಹೋಗೋ ಬಾಗಲಾ), ವಯಸ್ಸಾದವ್ರಿಗೆ, ಸುಣ್ಣ ಕಟ್ಟಿ ಬಿಗಿಯಾದ ವಾಲ್ವಿಗೆ. ಆ ಸುಣ್ಣದ ಬಳಿನ ಹೊಸ ವಾಲ್ವನ ಹಿಡದು ನಿಲ್ಲಸೋದು. ಅಕ್ಕಾರದ್ದು ಮೈಟ್ರಲ್, ಅದೂ ಸಣ್ಣಾಕಿದ್ದಾಗ ಗಂಟಲ ನೋವು, ಮೊಣಕಾಲು ಬಾವು ತಂದ ರುಮ್ಯಾಟಿಕ್ ಜ್ವರದ್ದು, ವಯಸ್ಸು 38. ಅವರಿಗೆ ಟಾವಿ ಮಾತ ಬರಂಗಿಲ್ಲ.

ಎರಡನೇದು ಇವರಿಗೆ ಹೇಳಿದ ಕೀಹೋಲ್. ಹೆಸರು ಕೇಳಿದ್ರ ಕೀಲಿ ತೂತಿನಾಗ ಇಣಕಿ ನೋಡಿ ಬಂದಂಗ ಅನಸತೈತಿ. ಹಂಗಲ್ಲರಿ. ಬಲ ಎದಿ ಕೆಳಗ ಪಕ್ಕೆಲುಬು ನಡುವ 5 ರಿಂದ 7 ಸೆಂಟಿಮೀಟರ್ ಕೊಯ್ತಾರ, ತೊಡಿ ಸಂದ್ಯಾಗ ಇನ್ನೊಂದು ಸಣ್ಣ ಕೊಯ್ತ ಹಾಕಿ ಅಲ್ಲಿಂದ ಹೃದಯ, ಫುಪ್ಪುಸದ ಕೆಲಸ ಮಾಡೋ ಹಾರ್ಟ್ ಲಂಗ್ ಮಷೀನಿಗೆ ಪೈಪ್ ಜೋಡಸ್ತಾರ, ಹೃದಯ ನಿಲ್ಲಸ್ತಾರ, ಉದ್ದನ ಸಲಕರಣಿಲೆ ಹಳೇ ವಾಲ್ವ ಕತ್ತರಿಸಿ ಹೊಸದು ಹೊಲಿತಾರ. ಹೃದಯಕ್ಕ ಗೊತ್ತಾಗಂಗಿಲ್ಲ ಹೊರಗ ಗಾಯ ಎಷ್ಟಗಲ ಐತಿ ಅಂತ, ಅದು ಎರಡರಾಗೂ ನಿಂತಿರತೈತಿ, ಮತ್ತ ಸಣ್ಣ ಗಾಯದಾಗ ಸಾಮಾನ್ಯವಾಗಿ ಜಾಸ್ತಿ ಹೊತ್ತ ನಿಂತಿರತೈತಿ ಯಾಕಂದ್ರ ಜಾಗ ಇಕ್ಕಟ್ಟು.

ಮೂರನೇದು ಎದಿ ನಡುವಿನ ಎಲುಬು ತೆರದು ಮಾಡೋದು, ಅದು ಎಲ್ಲಾರಿಗೂ ಗೊತ್ತು.

ಬಿಜಾಪುರ್ ಟು ಬೆಂಗ್ಳೂರು:
ಓಕೆ ಸಿಸ್ಟರ್, ಟಾವಿ ಬೇರೆ ಅಂತ ಒಪ್ಕೊಂಡೆ. ಆದ್ರೂ ಎಲುಬು ಸೀಳದೇ ಇರೋದು ಸೀಳೋದಕ್ಕಿಂತ ಒಳ್ಳೇದೇ ತಾನೆ? ಬ್ಲಡ್ ಲಾಸ್ ಕಡಿಮೆ, ಬೇಗ ಡಿಸ್ಚಾರ್ಜ್. ಇದನ್ನ ಇಲ್ಲ ಅಂತೀರಾ?

ಓಟಿ ಸಿಸ್ಟರ್ ಬೆಳಗಾವಿ:
ಇಲ್ಲ ಅನ್ನಂಗಿಲ್ಲ. ರಕ್ತ ಕಡಿಮಿ ಹೋಗತೈತಿ, ಎದಿ ಎಲುಬಿನ ಇನ್ಫೆಕ್ಷನ್ ಭಯ ಇರಂಗಿಲ್ಲ, ಶುಗರ್ ಇದ್ದವ್ರಿಗೆ ಅದು ಸಣ್ಣ ಮಾತಲ್ಲ, ಎಲುಬಿಗೆ ಕೀವು ಹಿಡದವ್ರನ್ನ ತಿಂಗಳಾನಗಟ್ಟಲೆ ಡ್ರೆಸಿಂಗ್ ಮಾಡಿದ ಕೈ ಇದು. ಆದ್ರ ಎಷ್ಟು ಫರಕ ಅನ್ನೋದನ್ನೂ ಹೇಳಬೇಕು. ಬ್ರಿಟನ್ನಿನ್ಯಾಗ 330 ಮಂದಿ ಮ್ಯಾಲೆ ಎರಡನ್ನೂ ಚೀಟಿ ಎತ್ತಿದಂಗ ಹಂಚಿ ನೋಡ್ಯಾರ, 2023 ರಾಗ ಬಂತು ಅದು. ಆರು ವಾರಕ್ಕ ನೋಡಿದಾಗ ಸಣ್ಣ ಗಾಯದವ್ರು ಓಡಾಟದಾಗ ಮುಂದಿದ್ರು. ಹನ್ನೆರಡು ವಾರಕ್ಕ ಇಬ್ಬರೂ ಸರಿಸಮ. ದವಾಖಾನ್ಯಾಗ ಇದ್ದದ್ದು ಐದು ದಿನ ಮತ್ತ ಆರು ದಿನ. ಜೀವಕ್ಕ ಅಪಾಯ ಎರಡರಾಗೂ ಹೆಚ್ಚು ಕಡಿಮಿ ಇರಲಿಲ್ಲ. ಇನ್ನೊಂದು, ಅವು ಸವದು ಸಡಲಾದ ವಾಲ್ವ ರಿಪೇರಿ ಮಾಡಿದ ಕೇಸು, ನಮ್ಮ ಕಡೆ ಸಿಗೋ ಸುಣ್ಣ ಕಟ್ಟಿದ ರುಮ್ಯಾಟಿಕ್ ವಾಲ್ವ ಅಲ್ಲ. ಅದನ್ನ ಇಲ್ಲಿಗೆ ಹಂಗ ಎತ್ತಿ ಇಡಾಕ ಬರಂಗಿಲ್ಲ.

ಖರೇ ಹೇಳ್ತೀನಿ ಜಮಖಂಡಿ:
ಅಂದ್ರ ಒಂದು ದಿನಕ್ಕ ನಾಕೂವರಿ ಲಕ್ಷ. ತಾಜ್ ಹೋಟೆಲ್‌ದಾಗೂ ಇಷ್ಟು ಬಾಡಿಗಿ ಇಲ್ಲ ಬಿಡ್ರಿ.

ಟಿಕ್‌ಟಿಕ್ ಅಥಣಿ:
ನನ್ನ ಹೆಸರು ನೋಡಿದ್ರ ಗೊತ್ತಾಗತೈತಿ, ಎದ್ಯಾಗ ಗಡಿಯಾರ ಇಟಗೊಂಡು ತಿರಗಾಂವ. 2011 ರಾಗ ಮೈಟ್ರಲ್ ವಾಲ್ವ, ಎದಿ ಪೂರಾ ತೆರದು. ಗಂಟಲ ಕುಣಿಯಿಂದ ಕೆಳಗ ಒಂದು ಗೇಣು ಉದ್ದ ಗಾಯ, ಒಳಗ ಸ್ಟೀಲ್ ತಂತಿ ಸುತ್ಯಾರ, ಎಕ್ಸರೇ ತಗದ್ರ ಬೇಲಿ ಕಟ್ಟಿದಂಗ ಕಾಣತೈತಿ. ನನಗ ಹಾಕಿದ್ದು ಚಿತ್ರಾ ವಾಲ್ವ, ತಿರುವನಂತಪುರದ ಶ್ರೀಚಿತ್ರಾ ಸಂಸ್ಥಾದಾಗ ಡಾಕ್ಟರ್ ವಲಿಯತ್ತಾನ್ ಅವರ ತಂಡ ಮಾಡಿದ್ದು, ಮೊದಲಿನ ಮೂರು ಮಾದರಿ ಫೇಲಾಗಿ ನಾಕನೇದು ಗಟ್ಟಿ ಆಗಿ 1990 ರಾಗ ಮೊದಲನೇ ಪೇಷಂಟಿಗೆ ಹಾಕಿದ್ರು. ಒಳಗ ಒಂದು ಪ್ಲಾಸ್ಟಿಕ್ ಬಿಲ್ಲೆ ವಾಲಕೋತ ತೆರಿತೈತಿ ಮುಚ್ಚತೈತಿ. ಫಾರಿನ್ ವಾಲ್ವಿಗಿಂತ ಅಗ್ಗ. 14 ವರ್ಷ ಆತು ಸಕ್ಕರಿ ಕಾರ್ಖಾನಿಗೆ ಕಬ್ಬು ಹೊಡಿತೀನಿ.

ಎದಿ ತೆರದವ್ರ ಮೊದಲ ಎರಡು ತಿಂಗಳ ಹೆಂಗಿರತೈತಿ ಅಂತ ಹೇಳ್ತೀನಿ, ಹೆದರಸಾಕಲ್ಲ. ಕೆಮ್ಮು ಬಂತಂದ್ರ ದಿಂಬು ಎದಿಗೆ ಅಪ್ಪಿಕೊಂಡು ಕೆಮ್ಮಬೇಕು, ಇಲ್ಲಂದ್ರ ಎದಿ ಎರಡು ಹೋಳು ಆಗತೈತಿ ಅನಸತೈತಿ. ಮಗ್ಗಲಾಗಿ ಮಲಗಂಗಿಲ್ಲ. ಏಳಬೇಕಾದ್ರ ಕೈ ಊರಂಗಿಲ್ಲ, ಯಾರರ ಬೆನ್ನಿಗೆ ಕೈ ಕೊಡಬೇಕು. ತುಂಬಿದ ಕೊಡ ಎತ್ತಂಗಿಲ್ಲ. ಟ್ರ್ಯಾಕ್ಟರ್ ಮೂರು ತಿಂಗಳ ಬಂದ್. ಮೂರು ತಿಂಗಳಾದ ಮ್ಯಾಲೆ ಗಾಯ ಮರತ ಬಿಟ್ಟೆ. ಖರೇನ ಮರತೆ. ಈಗ ಅಂಗಿ ಬಿಚ್ಚಿದಾಗ ಹುಡುಗ್ರು ಕೇಳಿದ್ರ ನೆನಪಾಗತೈತಿ.

ಮರಿಯಾಕ ಆಗಲಾರದ್ದು ಗುಳಿಗಿ. ಅದನ್ನ ಯಾರೂ ಚರ್ಚಾ ಮಾಡವಲ್ಲರಿ ಇಲ್ಲಿ. ರಕ್ತ ತೆಳು ಮಾಡೋ ಗುಳಿಗಿ, ದಿನಾ ರಾತ್ರಿ ಒಂದ ಹೊತ್ತಿಗೆ, ಸಾಯೋ ತನಕ. ರಕ್ತ ಎಷ್ಟು ತೆಳು ಆಗೇತಿ ಅಂತ ನೋಡಾಕ ಐಎನ್‌ಆರ್ ಅಂತ ರಕ್ತ ಚೆಕ್ ಮಾಡಸಬೇಕು, ನಂದು 2.5 ರಿಂದ 3.5 ರೊಳಗ ಇರಬೇಕು. ಕಡಿಮಿ ಆದ್ರ ವಾಲ್ವಿಗೆ ರಕ್ತ ಹೆಪ್ಪುಗಟ್ಟತೈತಿ, ಜಾಸ್ತಿ ಆದ್ರ ಎಲ್ಲೆಂದ್ರಲ್ಲಿ ರಕ್ತ. ಮೂರು ವರ್ಷದ ಹಿಂದ ಜಾತ್ರ್ಯಾಗ ಉಂಡು ಹೊಟ್ಟಿ ಕೆಟ್ಟು, ಅಂಗಡ್ಯಾಗ ಬರೇ ಲೂಸ್ ಮೋಷನ್ ಅಂದೆ, ಮೆಟ್ರೋನಿಡಜೋಲ್ ಕೊಟ್ಟಾಂವ, ಅದು ರಕ್ತ ತೆಳು ಗುಳಿಗಿ ಜೋರ ಏರಸತೈತಿ. ನಾಕನೇ ದಿನ ಮುಂಜಾನೆ ಹಲ್ಲು ತಿಕ್ಕಾಕತ್ತಿದ್ದೆ, ಉಗುಳಿದೆ ಕೆಂಪು, ಮತ್ತ ಉಗುಳಿದೆ ಕೆಂಪು, ಬೇಸಿನ್ ತುಂಬ ಕೆಂಪು, ನಿಲ್ಲವಲ್ದು. ಗಾಡಿ ಮಾಡಕೊಂಡು ಹೋದ್ರ ಐಎನ್‌ಆರ್ 7 ರ ಮ್ಯಾಲೆ. ಡಾಕ್ಟರ ಬೈದದ್ದು ನನಗ, ಅಂಗಡ್ಯಾಂವಗಲ್ಲ, ಬರೋಬ್ಬರಿನ ಆತು, ನನ್ನ ಕಿಸೆದಾಗ ಈ ಗುಳಿಗಿ ತಗೋತೀನಿ ಅನ್ನೋ ಕಾರ್ಡ ಇತ್ತು ನಾ ತೋರಸಲಿಲ್ಲ.

ತಮ್ಮಾ, ಗಾಯದ ಮಾತು ಮೂರು ತಿಂಗಳದ್ದು. ಗುಳಗಿ ಮಾತು ನಲವತ್ತ ವರ್ಷದ್ದು.

ಇಂಡಿ ಮಾಸ್ತರ:
ನಾ ನಿವೃತ್ತ ಶಿಕ್ಷಕ, ವಯಸ್ಸು 77. ಬೆಂಗಳೂರಿನ ತಮ್ಮಾರು ಹೇಳಿದ ಟಾವಿ ಮಾಡಿಸಿಕೊಂಡಾಂವ ನಾನ. ಅಯೋರ್ಟಿಕ್ ವಾಲ್ವ ಸುಣ್ಣ ಕಟ್ಟಿತ್ತು, ಗುಡಿ ಮೆಟ್ಟಲ ಹತ್ತಬೇಕಾದ್ರ ಎರಡು ಸಲ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದೆ. ಫ್ರಾನ್ಸ್ ದೇಶದ ಕ್ರಿಬಿಯೇ ಅನ್ನೋ ಡಾಕ್ಟರ್ 2002 ರೊಳಗ ಮೊದಲ ಸಲ ಮಾಡ್ಯಾರ ಇದನ್ನ, ಇನ್ನ ಕಾಲು ಶತಮಾನ ಆಗಿಲ್ಲ. ಎದಿ ತೆರದ್ರ ಈ ವಯಸ್ಸಿನ್ಯಾಗ ತಡಕೊಳ್ಳೋದು ಕಷ್ಟ ಅಂತ ನನಗ ಇದನ್ನ ಮಾಡಿದ್ರು, ಭಾಳ ಛಲೋ ಆತು, ಅದರೊಳಗ ಎರಡು ಮಾತಿಲ್ಲ. ಆದ್ರ ಮೂರನೇ ದಿನ ಇಡ್ಲಿ ತಿಂದ ಕಥಿಯೊಳಗ ಒಂದು ಬಿಟ್ಟು ಹೋಗ್ಯದ. ನನಗ ಐದನೇ ದಿನ ನಾಡಿ 38 ಕ್ಕ ಇಳೀತು, ಪೇಸ್‌ಮೇಕರ್ ಹಾಕಬೇಕಾತು. ವಾಲ್ವ ಅರಳಿದಾಗ ಹೃದಯದ ಕರೆಂಟ್ ತಂತಿ ಮ್ಯಾಲೆ ಒತ್ತು ಬೀಳತದ ಅಂತ, ಎದಿ ತೆರದು ಮಾಡಿದವ್ರಕಿಂತ ಇದರೊಳಗ ಅದು ಹೆಚ್ಚು. ಖರ್ಚಿಗೆ ಲಿಂಬಿ ತ್ವಾಟದಾಗ ಎರಡು ಎಕರೆ ಹೋತು. 38 ವರ್ಷದ ಹೆಣ್ಣುಮಗಳಿಗೆ ನನ್ನ ಲೆಕ್ಕ ಹಚ್ಚಬ್ಯಾಡ್ರಿ, ಆಕಿ ಇನ್ನ ನಲವತ್ತ ವರ್ಷ ಬಾಳಬೇಕು, ನಂದೇನದ.

ಮನಿಮದ್ದು ಮುಧೋಳ:
ಅರ್ಜುನ ತೊಗಟಿ ಕಷಾಯ 48 ದಿನ ಕುಡಸ್ರಿ. ಆಪರೇಷನ್ ಬ್ಯಾಡ. ನಮ್ಮ ಊರಾಗ ಒಬ್ಬರಿಗೆ ಬಂದ್ ಆದ ವಾಲ್ವ ಓಪನ್ ಆಗೇತಿ.

ಓಟಿ ಸಿಸ್ಟರ್ ಬೆಳಗಾವಿ:
ಅಣ್ಣಾರ ಅದು ಬಾಗಲಾ ಇದ್ದಂಗ. ಎರಡು ಕದ ಒಂದಕ್ಕೊಂದು ಅಂಟಿ ಸುಣ್ಣ ಹಿಡದು ಕಲ್ಲಾಗ್ಯಾವು. ಕಷಾಯ ಸುರದ್ರ ಬಾಗಲಾ ಬಿಚ್ಚಂಗಿಲ್ಲ. 0.9 ಇದ್ದವರಿಗೆ 48 ದಿನ ಕಾಯ್ರಿ ಅನ್ನಬ್ಯಾಡ್ರಿ ದಯಮಾಡಿ, ಫುಪ್ಪುಸದಾಗ ನೀರು ತುಂಬಿ ರಾತ್ರೋರಾತ್ರಿ ಬಂದವ್ರನ್ನ ನೋಡೀನಿ.

ಇಲಕಲ್ಲ ಸೆರಗು:
ನಾ ಇದನ್ನ ಬರಿಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ನನಗ ಕೀಹೋಲ್ ಆಗೇತಿ, ಮೈಟ್ರಲ್, 2021 ರಾಗ, ಆವಾಗ ನನಗ 26. ಮದಿವಿ ಆಗಿರಲಿಲ್ಲ, ಅಪ್ಪಾಜಿ ಎದಿ ನಡುವ ಗಾಯ ಆದ್ರ ಯಾರು ಮಾಡ್ಕೋತಾರ ಅಂತ ಸಾಲ ಮಾಡಿ ಸಣ್ಣ ಗಾಯದ್ದ ಮಾಡಸಿದ್ರು. ಗಾಯ ಖರೇನ ಕಾಣಂಗಿಲ್ಲ, ಕುಪ್ಪಸದಾಗ ಮುಚ್ಚಿ ಹೋಗತೈತಿ. ತಿಂಗಳಿಗೆ ರೊಟ್ಟಿ ಬಡದೆ. ಆದ್ರ ಮೊದಲ ಹತ್ತು ದಿನ ಪಕ್ಕೆಲುಬು ನೋವು ಹೇಳಬ್ಯಾಡ್ರಿ, ಉಸರು ಎಳದ್ರ ಚಾಕು ಹಾಕಿ ತಿರವಿದಂಗ. ಎದಿ ಕೆಳಗ ಇವತ್ತಿಗೂ ಜೋಮು ಹಿಡದೈತಿ, ಮುಟ್ಟಿದ್ರ ಗೊತ್ತಾಗಂಗಿಲ್ಲ. ತೊಡಿ ಸಂದ್ಯಾಗಿನ ಗಾಯದಾಗಿಂದ ಮೂರು ವಾರ ನೀರು ಸೋರತಿತ್ತು, ದಿನಾ ಬಟ್ಟಿ ಬದಲಿ ಮಾಡ್ಕೋತ ಕುಂದ್ರೋದು. ಬ್ರೋಷರಿನ್ಯಾಗ ಇದ್ಯಾವ್ದೂ ಬರದಿರಲಿಲ್ಲ.

ಅದೂ ಇರಲಿ. ಮದಿವಿ ಆತು, ಛಲೋ ಮನಿ. ಎರಡು ವರ್ಷದಿಂದ ಮಗು ಬೇಕು ಅಂತೀವಿ. ಈಗ ಡಾಕ್ಟರ ಹೇಳ್ತಾರ, ನಿನಗ ಹಾಕಿದ್ದು ಲೋಹದ ವಾಲ್ವ, ನೀ ತಗೊಳ್ಳೋ ಗುಳಿಗಿ ಬಸರಾದ ಮೊದಲ ಮೂರು ತಿಂಗಳದಾಗ ಕೂಸಿಗೆ ಊನ ತರಬಹುದು, ಗುಳಿಗಿ ಬಿಟ್ರ ವಾಲ್ವಿಗೆ ಹೆಪ್ಪುಗಟ್ಟತೈತಿ, ದಿನಕ್ಕ ಎರಡು ಸಲ ಹೊಟ್ಟಿಗೆ ಹೆಪಾರಿನ್ ಅನ್ನೋ ರಕ್ತ ತೆಳು ಮಾಡೋ ಇಂಜೆಕ್ಷನ್ ಚುಚ್ಚಿಕೋಬೇಕು, ಆದ್ರೂ ಭಯ ಪೂರಾ ಹೋಗಂಗಿಲ್ಲ ಅಂತ. ಆಪರೇಷನ್ ಮುಂಚೆ ಇದನ್ನ ಯಾರೂ ನನ್ನ ಮುಂದ ಕುಂತು ಹೇಳಲಿಲ್ಲ. ಎಲ್ಲಾರೂ ಗಾಯದ ಮಾತ ಆಡಿದ್ರು. ಗಾಯ ಎಲ್ಲಿ ಬರತೈತಿ, ಎಷ್ಟು ಉದ್ದ, ಸೀರಿ ಉಟ್ರ ಕಾಣತೈತೇನು. ಸಾಲ ಇನ್ನೂ ತೀರಿಲ್ಲ.

ಟಿಕ್‌ಟಿಕ್ ಅಥಣಿ:
ತಂಗಿ, ಬರದಿದ್ದು ಭಾಳ ಛಲೋ ಆತವ್ವ.

ಬಿಜಾಪುರ್ ಟು ಬೆಂಗ್ಳೂರು:
ಸಾರಿ ಮೇಡಂ, ಓದಿ ಬೇಜಾರಾಯ್ತು. ಆದ್ರೆ ಇದಕ್ಕೆ ಪರಿಹಾರ ಇದೆ ಅಲ್ವಾ, ಟಿಶ್ಯೂ ವಾಲ್ವ್ ಹಾಕಿದ್ರೆ ಈ ಮಾತ್ರೆನೇ ಬೇಡ. ಇನ್ನೊಂದು, ಈಗ ಹೊಸ ಬ್ಲಡ್ ಥಿನ್ನರ್ ಬಂದಿವೆ, ಅವಕ್ಕೆ ಐಎನ್‌ಆರ್ ಟೆಸ್ಟೇ ಬೇಕಾಗಿಲ್ಲ, ನಮ್ಮ ಆಫೀಸಲ್ಲಿ ಒಬ್ರು ತಗೋತಾರೆ. ಅಥಣಿಯವ್ರು ಹಳೇ ಮಾತ್ರೆಲೇ ಯಾಕಿದಾರೋ ಗೊತ್ತಿಲ್ಲ.

ಓಟಿ ಸಿಸ್ಟರ್ ಬೆಳಗಾವಿ:
ಎರಡನೇ ಮಾತು ಅಪಾಯದ್ದು, ದಯಮಾಡಿ ಅದನ್ನ ಎಡಿಟ್ ಮಾಡ್ರಿ. ಲೋಹದ ವಾಲ್ವ ಇದ್ದವ್ರು ಹೊಸ ಗುಳಿಗಿ ತಗೊಳ್ಳೋ ಹಂಗಿಲ್ಲ. ಡಾಬಿಗಟ್ರಾನ್ ಅನ್ನೋದನ್ನ ಲೋಹದ ವಾಲ್ವಿನವ್ರಿಗೆ ಕೊಟ್ಟು ನೋಡ್ಯಾರ, ಹೆಪ್ಪೂ ಜಾಸ್ತಿ ರಕ್ತಸ್ರಾವನೂ ಜಾಸ್ತಿ ಆಗಿ ಅರ್ಧಕ್ಕ ನಿಲ್ಲಸಿದ್ರು, 2013 ರಾಗ ಬಂದ ಸುದ್ದಿ. ನಿಮ್ಮ ಆಫೀಸಿನವ್ರಿಗೆ ಬ್ಯಾರೆ ಕಾರಣ ಇರತೈತಿ. ಅಥಣಿ ಅಣ್ಣಾರು ತಗೊಳ್ಳಾಕತ್ತಿದ್ದ ಸರಿ.

ಟಿಶ್ಯೂ ವಾಲ್ವ ಮಾತು ಅರ್ಧ ಖರೆ. ಆಕಳ ಹೃದಯದ ಪೊರೆಯಿಂದ ಇಲ್ಲಾ ಹಂದಿ ವಾಲ್ವಿಂದ ಮಾಡಿದ್ದು, ಮೊದಲ ಮೂರು ತಿಂಗಳ ಬಿಟ್ರ ಗುಳಿಗಿ ಬೇಕಾಗದೆ ಇರಬಹುದು, ಅದೂ ನಾಡಿ ತಾಳ ತಪ್ಪದೆ ಇದ್ರ. ಆದ್ರ ಹತ್ತು ಹದಿನೈದು ವರ್ಷಕ್ಕ ಸವಿತೈತಿ, ವಯಸ್ಸು ಸಣ್ಣದಿದ್ದಷ್ಟು ಲಗೂನ. ಆವಾಗ ಮತ್ತೊಮ್ಮೆ ಆಪರೇಷನ್. ಮಗು ಬೇಕು ಅನ್ನೋ ಹೆಣ್ಣುಮಕ್ಕಳಿಗೆ ಎರಡನೇ ಆಪರೇಷನ್ ಒಪ್ಪಿಕೊಂಡು ಟಿಶ್ಯೂ ಹಾಕಸೋದೂ ಉಂಟು, ಇಲಕಲ್ಲಿನ ತಂಗಿಗೆ ಆ ದಾರಿ ತೋರಸಬೇಕಾಗಿತ್ತು, ತೋರಸಿಲ್ಲ ಅನ್ನೋದು ನನಗೂ ಸಿಟ್ಟು ತರಸ್ತು. ಗುಳೇದಗುಡ್ಡದ ಅಕ್ಕಾರಿಗೆ ಮಕ್ಕಳಾಗ್ಯಾವು, 38 ವರ್ಷ, ಮೈಟ್ರಲ್. ಸಾಮಾನ್ಯವಾಗಿ ಇಂಥವರಿಗೆ ಲೋಹದ್ದ ಹೇಳ್ತಾರ. ಅದಕ್ಕ ಮೊದಲ ವಿಚಾರ ಮಾಡ್ರಿ: ತಿಂಗಳಿಗೊಮ್ಮೆ ಐಎನ್‌ಆರ್ ಚೆಕ್ ಮಾಡಸಾಕ ಗುಳೇದಗುಡ್ಡದಾಗ ಲ್ಯಾಬ್ ಐತೇನು, ಇಲ್ಲಾ ಬಾದಾಮಿ, ಬಾಗಲಕೋಟಿಗೆ ಹೋಗಬೇಕೋ, ರಿಪೋರ್ಟ್ ನೋಡಿ ಡೋಸ್ ಬದಲಿ ಮಾಡಾಕ ಯಾರಿಗೆ ಫೋನ್ ಹಚ್ಚಬೇಕು.

ಖರೇ ಹೇಳ್ತೀನಿ ಜಮಖಂಡಿ:
ಸಿಸ್ಟರ್, ಹಂಗಾರ ನೀವ ಹೇಳ್ರಲ್ಲ, ಕೀಹೋಲ್ ಧಂದೆನೋ ಅಲ್ಲೋ?

ಓಟಿ ಸಿಸ್ಟರ್ ಬೆಳಗಾವಿ:
ಧಂದೆ ಅಲ್ಲ. ಕೈ ಪಳಗಿದ ಸರ್ಜನ್ ಇದ್ದು ಪೇಷಂಟ್ ಅದಕ್ಕ ತಕ್ಕಂಗ ಇದ್ರ ಭಾಳ ಛಂದ ಆಪರೇಷನ್ ಅದು, ನಾನ ಕೈಗೆ ಸಲಕರಣಿ ಕೊಟ್ಟು ನೋಡೀನಿ. ನಿಮ್ಮ ಕಾಕಾಂದು ಅರ್ಧಕ್ಕ ಎದಿ ತೆರದಿದ್ದೂ ಮೋಸ ಅಲ್ಲ, ಒಳಗ ರಕ್ತ ನಿಲ್ಲಲಿಲ್ಲಂದ್ರ ತೆರಿಯೋ ಸರ್ಜನ್ನ ಶಾಣ್ಯಾ. ಬಿಲ್ಲಿನ ಮಾತು ಬ್ಯಾರೆ, ಅದಕ್ಕ ನನ್ನ ಕಡೆ ಉತ್ತರ ಇಲ್ಲ. ಆದ್ರ ಎಲ್ಲಾರಿಗೂ ಹೊಂದಂಗಿಲ್ಲ. ತೊಡಿ ರಕ್ತನಾಳ ಸಣ್ಣ ಇದ್ರ, ಮೊದಲು ಬಲಗಡೆ ಫುಪ್ಪುಸಕ್ಕ ಟಿಬಿ ಆಗಿ ಅಂಟಿಕೊಂಡಿದ್ರ, ಅಯೋರ್ಟಿಕ್ ವಾಲ್ವೂ ಜೋರ ಲೀಕ್ ಇದ್ರ, ಬೈಪಾಸೂ ಜೋಡಿ ಮಾಡೋದಿದ್ರ ಎದಿ ತೆರಿಯೋದ ಬೇಸ್.

ತಮ್ಮಾರ, ನೀವು ಹೋದಾಗ ಕೇಳ್ರಿ: ಈ ಸರ್ಜನ್ ವರ್ಷಕ್ಕ ಮೈಟ್ರಲ್ ಸಣ್ಣ ಗಾಯದ್ದು ಎಷ್ಟು ಮಾಡ್ತಾರ, ಅದರಾಗ ಎಷ್ಟು ಸಲ ಎದಿ ತೆರಿಬೇಕಾತು. ಉತ್ತರ ಕೊಡದ ನಕ್ಕು ಸುಮ್ಮನಾದ್ರ ಎದ್ದು ಬರ್ರಿ.

ಗುಳೇದಗುಡ್ಡದ ತಮ್ಮ:
ಎಲ್ಲಾರೂ ಇಷ್ಟು ಬರದೀರಿ, ಎರಡೆರಡು ಸಲ ಓದೀನಿ. ನಿನ್ನೆ ಸಿಸ್ಟರ್ ಹೇಳಿದ ಪ್ರಶ್ನೆ ಚೀಟ್ಯಾಗ ಬರಕೊಂಡು ಎರಡನೇ ದವಾಖಾನಿಗೆ ಹೋಗಿದ್ವಿ, ಕೀಹೋಲಿನವ್ರದ್ದ. ಮಾರ್ಕೆಟಿಂಗ್ ಹುಡುಗನ್ನ ದಾಟಿ ಸರ್ಜನ್‌ವರೆಗೆ ಹೋಗಾಕ ಎರಡು ತಾಸು ಆತು. ಸರ್ಜನ್ ಮನಷ್ಯಾ ಛಲೋ ಅದಾನ್ರಿ, ಪ್ರಶ್ನೆ ಕೇಳಿದ್ದಕ್ಕ ಸಿಟ್ಟಾಗಲಿಲ್ಲ, ಕುರ್ಚಿ ಎಳದು ಕುಂತ. ಗಂಟಲದಾಗ ನಳಿಕಿ ಬಿಟ್ಟು ಇನ್ನೊಂದು ಎಕೋ ಮಾಡಿದ್ರು. ಹೃದಯದ ಎಡಗಡೆ ಮ್ಯಾಲಿನ ಕ್ವಾಣ್ಯಾಗ ಹೆಪ್ಪುಗಟ್ಟಿದ ರಕ್ತ ಐತೆಂತ, ಮತ್ತ ಬಲಗಡೆ ವಾಲ್ವೂ ಸೋರತೈತೆಂತ, ಅದಕ್ಕೂ ಒಂದು ರಿಂಗ್ ಹಾಕಬೇಕು. ಆ ಸರ್ಜನ್ನ ಅಂದ್ರು, ನನ್ನ ಅಕ್ಕ ಆಗಿದ್ರ ನಾ ಎದಿ ತೆರದ ಮಾಡ್ತಿದ್ದೆ, ಆ ಹೆಪ್ಪು ಒಂದು ಚೂರೂ ಒಳಗ ಬಿಡದಂಗ ಕಣ್ಣಾರೆ ನೋಡಿ ತಗಿಬೇಕು, ಅದರ ತುಣುಕು ಮೆದುಳಿಗೆ ಹೋದ್ರ ಲಕ್ವಾ. ಭಾವ ಹೊರಗ ಬಂದು ಚಾದಂಗಡ್ಯಾಗ ಕುಂತು ಅತ್ತ. ಪ್ಲಾಟ್ ಉಳೀತು ಅಂತ ಅತ್ನೋ ಎದಿ ತೆರಿತಾರ ಅಂತ ಅತ್ನೋ ನನಗ ಗೊತ್ತಾಗಲಿಲ್ಲ.

ಬಿಜಾಪುರ್ ಟು ಬೆಂಗ್ಳೂರು:
ಹೆಪ್ಪಿದ್ರೂ ಕೀಹೋಲ್‌ನಲ್ಲಿ ಮಾಡೋ ಸೆಂಟರ್ ಇವೆ ಬ್ರೋ, ಇನ್ನೊಂದು ಒಪೀನಿಯನ್ ತಗೊಳ್ಳಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬನ್ನಿ, ನಮ್ಮ ಮನೇಲೇ ಇರಿ, ಊಟ ವಸತಿ ಚಿಂತೆ ಇಲ್ಲ. ಸೀರಿಯಸ್ ಆಗಿ ಹೇಳ್ತಿದೀನಿ.

ಖರೇ ಹೇಳ್ತೀನಿ ಜಮಖಂಡಿ:
ಮಾಡೋ ಸರ್ಜನ್ನ ಬ್ಯಾಡ ಅಂದಾನ, ಇವರು ಬೇಕಂತಾರ! ಆದ್ರ ಮನಿಗೆ ಕರದಿದ್ದು ಮೆಚ್ಚಿದೆ ನೋಡ್ರಿ. ಬಿಜಾಪುರದ ಉಪ್ಪು ಇನ್ನೂ ಐತಿ ಮೈಯಾಗ.

ಇಂಡಿ ಮಾಸ್ತರ:
ಬಲೂನ್ ಯಾಕ ಬ್ಯಾಡಂದ್ರು ಅನ್ನೋದು ಈಗ ಇನ್ನಷ್ಟು ತಿಳೀತದ. ಹೆಪ್ಪು ಇದ್ದಲ್ಲೆ ಬಲೂನ್ ಬಿಡೋ ಹಂಗಿಲ್ಲ. ನಮ್ಮ ಸಾಲ್ಯಾಗ ಒಬ್ಬ ಹುಡುಗಿಗೆ ಬಲೂನ್‌ಲೆ ವಾಲ್ವ ಬಿಚ್ಚಿಸಿದ್ರು, ಎದಿಗೆ ಒಂದು ಗೀರು ಇಲ್ಲದಂಗ, ಆಕಿಗೆ ಬ್ಯಾನಿ ಲಗೂ ಗೊತ್ತಾಗಿತ್ತು. ಗಂಟಲ ನೋವು, ಸಂದು ಬಾವು ಬಂದ ಹುಡುಗರನ್ನ ಮಾಸ್ತರಮಂದಿ ದವಾಖಾನಿಗೆ ಕಳಸಬೇಕು ಅಂತ ನಾ ಮೀಟಿಂಗಿನೊಳಗ ಎಷ್ಟೋ ಸಲ ಹೇಳೀನಿ, ವಾಲ್ವ ಹಾಳಾಗದಂಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಎಷ್ಟು ಅಗ್ಗದ್ದು ಅದು.

ಗುಳೇದಗುಡ್ಡದ ತಮ್ಮ:
ಬೆಂಗಳೂರಿನ ಅಣ್ಣಾರ ಥ್ಯಾಂಕ್ಸ್, ಕರದಿದ್ದು ಮರಿಯಂಗಿಲ್ಲ. ಆದ್ರ ಇಲ್ಲೇ ಮಾಡಸೂಣು ಅಂತ ಮಾಡೀವಿ, ಆಯುಷ್ಮಾನ್‌ದಾಗ. ಇನ್ನೊಂದು ಕೇಳಬೇಕು, ಇದು ಅಕ್ಕನ ಪ್ರಶ್ನೆ. ಇಷ್ಟು ದಿನ ಏನೂ ಮಾತಾಡದಾಕಿ, ನಿನ್ನೆ ರಾತ್ರಿ ಮೊಬೈಲ್ ಇಸಕೊಂಡು ಇದನ್ನೆಲ್ಲಾ ಓದಿ ಒಂದ ಮಾತು ಕೇಳಿದ್ಳು: ಮಗ್ಗಕ್ಕ ಯಾವಾಗ ಕುಂದ್ರಬಹುದು? ಮಗ್ಗದ ಮ್ಯಾಲೆ ಅರ್ಧ ನೇಯ್ದ ಖಣ ಐತಿ.

ಇಲಕಲ್ಲ ಸೆರಗು:
ಅಕ್ಕಾ, ನಮ್ಮ ಮನ್ಯಾಗೂ ಮಗ್ಗ ಐತಿ, ಅದಕ್ಕ ಹೇಳ್ತೀನಿ. ಬಲಗೈಲೆ ಲಾಳಿ ಹಗ್ಗ ಜಗ್ಗೋದು, ಎಡಗೈಲೆ ಹಲಗಿ ಬಡಿಯೋದು, ಎರಡೂ ಎದಿ ಮ್ಯಾಲೆನ ಬೀಳತೈತಿ. ಕಾಲಿಂದು ತ್ರಾಸಿಲ್ಲ. ಅರ್ಧ ಖಣ ಯಾರಿಗರ ಕೊಟ್ಟು ಮುಗಸ್ರಿ, ಅದನ್ನ ನೋಡಕೋತ ಕುಂತ್ರ ನಿಮಗ ತಡಿಯಂಗಿಲ್ಲ, ನನಗ ಗೊತ್ತೈತಿ.

ಓಟಿ ಸಿಸ್ಟರ್ ಬೆಳಗಾವಿ:
ಎಲುಬು ಕೂಡಾಕ ಆರರಿಂದ ಎಂಟು ವಾರ, ಗಟ್ಟಿ ಆಗಾಕ ಮೂರು ತಿಂಗಳ. ಮೂರು ತಿಂಗಳ ತನಕ ಜಗ್ಗೋದು, ದಬ್ಬೋದು, ಎತ್ತೋದು ಬ್ಯಾಡ. ಕುಣ್ಯಾಗ ಇಳಿಬೇಕಾದ್ರ ಎರಡೂ ಕೈ ನೆಲಕ್ಕ ಊರ್ತೀರಲ್ಲ, ಅದ ಎಲ್ಲಾದಕ್ಕಿಂತ ಕೆಟ್ಟದ್ದು, ಅದನ್ನ ಮೊದಲು ಬಿಡ್ರಿ. ಕಂಡಿಗಿ ಸುತ್ತೋದು ಆರು ವಾರದ ಮ್ಯಾಲೆ ಕುರ್ಚ್ಯಾಗ ಕುಂತು ಮಾಡಬಹುದು, ಡಾಕ್ಟರನ್ನ ಕೇಳಿ. ಹೊಳ್ಳಿ ಬಂದ ಮ್ಯಾಲೆ ಪಲ್ಯೆ ಬಿಡಬ್ಯಾಡ್ರಿ, ಮೆಂತ್ಯೆ, ಪಾಲಕ್ ಎಲ್ಲಾ ತಿನ್ರಿ, ಆದ್ರ ವಾರಕ್ಕ ಎಷ್ಟು ತಿಂತೀರೋ ಅಷ್ಟ ಸರಿಸಮ ಇರಲಿ, ಒಂದು ವಾರ ಬುಟ್ಟಿಗಟ್ಟಲೆ ಇನ್ನೊಂದು ವಾರ ಏನೂ ಇಲ್ಲ ಅಂದ್ರ ಐಎನ್‌ಆರ್ ಜೋಕಾಲಿ ಆಡತೈತಿ. ಪೆನಿಸಿಲಿನ್ ಡಾಕ್ಟರ ನಿಲ್ಲಸು ಅನ್ನೋ ತನಕ ನಿಲ್ಲಸಬ್ಯಾಡ್ರಿ.

ಆಪರೇಷನ್ ಮುಂಚೆ ಹಲ್ಲು ತೋರಸೀರೇನು? ಹುಳುಕ ಹಲ್ಲು ಇದ್ರ ಈಗ ತಗಸಬೇಕು. ಬಾಯಾಗಿನ ಕ್ರಿಮಿ ರಕ್ತದಾಗ ಹೋಗಿ ಹೊಸ ವಾಲ್ವಿಗೆ ಕುಂತ್ರ ಎಲ್ಲಾ ಹಾಳು.

ಟಿಕ್‌ಟಿಕ್ ಅಥಣಿ:
ರಕ್ತ ಕೊಡಾಕ ಮಂದಿ ಕೇಳ್ತಾರ. ನಮ್ಮಂಥವ್ರು ಕೊಡಾಕ ಬರಂಗಿಲ್ಲ, ಆದ್ರ ನನ್ನ ಮಗಾ ಅದಾನ, ಓ ಪಾಸಿಟಿವ್. ಗ್ರೂಪ್ ಯಾವ್ದು ಹೇಳ್ರಿ.

ಗುಳೇದಗುಡ್ಡದ ತಮ್ಮ:
ಬಿ ಪಾಸಿಟಿವ್ ಐತ್ರಿ. ಓ ಆದ್ರೂ ನಡಿತೈತೇನೋ ಕೇಳಿ ಹೇಳ್ತೀನಿ. ಹಲ್ಲಿಂದು ಯಾರೂ ಹೇಳಿರಲಿಲ್ಲ, ಎಡಗಡೆ ದವಡಿ ಹಲ್ಲು ಒಂದು ಕರ್ರಗಾಗಿ ವರ್ಷಾತು, ಲವಂಗ ಇಟಗೊಂಡು ಹಂಗ ನಡಸ್ಯಾಳ. ನಾಳೆ ಹತ್ತಕ್ಕ ಹಲ್ಲಿನ ದವಾಖಾನಿ, ಅಲ್ಲಿಂದ ಹಂಗ ಬಾಗಲಕೋಟಿ ನವನಗರಕ್ಕ ಜಿಲ್ಲಾ ಆಸ್ಪತ್ರಿ ರೆಫರಲ್‌ಗೆ. ಅರ್ಧ ಖಣ ಯಾರಿಗೂ ಕೊಡಂಗಿಲ್ಲ ಅಂತಾಳ ಅಕ್ಕ, ಮಗ್ಗದ ಮ್ಯಾಲೆ ಹಳೇ ಸೀರಿ ಹೊಚ್ಚಿ ಇಟ್ಟಾಳ.